ಆ ಕಲ್ಲಿಗೆ ಪೇಂಟ್ ಬಳೀಬೇಡಿ!

ದುರ್ಗದ ಕಲ್ಲುಗಳು 1/4

ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿದ್ದೀರಲ್ವಾ? ಕೆರೆ ಮುಂದೆ, ಗುಹೆ ಒಳಗೆ ಫೋಟೋನೂ ತೆಗೆಸ್ಕೊಂಡಿರ್ತೀರಿ. ಅಲ್ಲೇ ಭೈರವೇಶ್ವರ ದೇವಸ್ಥಾನದ ಹತ್ತಿರ ಅಕ್ಷರ ಕೊರೆದ ಬಂಡೆ ಒಂದಿದೆ. ಅದನ್ನ ನೋಡಿದ್ರಾ?

ಶಿಲ್ಪ ಇಲ್ಲ, ಅಂಚು ಇಲ್ಲ, ನುಣುಪೂ ಇಲ್ಲ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಬರೀ ಮೂರು ಸಾಲು. ಕದಂಬರ ಮಯೂರಶರ್ಮ ಕೆರೆ ಮಾಡಿಸಿದ ವಿಷಯ ಅದರಲ್ಲಿದೆ. 4ನೇ ಶತಮಾನದ ಈ ಸಾಲುಗಳನ್ನು 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಓದಿದರು. ಅಕ್ಷರಗಳು ಎಷ್ಟು ಸವೆದಿವೆ ಅಂದ್ರೆ, ಅದರಲ್ಲಿ ಬರುವ ರಾಜ್ಯಗಳ ಹೆಸರುಗಳ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಇಲ್ಲ. ಅಲ್ಲಿ ಒಂದೊಂದು ಗೀರಿಗೂ ಬೆಲೆ ಇದೆ.

2/4

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕಡೆ ಅಶೋಕನ ಶಾಸನ. ಉತ್ತರದಲ್ಲಿ ಅದೇ ಅಶೋಕನ ಕಂಬಗಳು ಕನ್ನಡಿ ಹಾಗೆ ಹೊಳೀತಾವೆ, ಕೆಲವದರ ಮೇಲೆ ಸಿಂಹ ಬೇರೆ. ನಮಗೆ ಸಿಕ್ಕಿದ್ದು ಒರಟು ಬಂಡೆ. ಆದರೂ ವಿಷಯ ತಲುಪಿಲ್ವಾ? ತಂದೆತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುಗಳನ್ನು ಗೌರವಿಸಿ. ಬರೆದವನು ಚಪಡ ಅಂತ ತನ್ನ ಹೆಸರನ್ನೂ ಹಾಕಿದ್ದಾನೆ.

3/4

ಈ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ನಮ್ಮ ಜಿಲ್ಲೆಯದ್ದು 11ನೇ ಸಂಪುಟ. ತೆರೆದು ನೋಡಿದರೆ ಕಣ್ಣಿಗೆ ಹಬ್ಬ ಏನಲ್ಲ. ಆದ್ರೆ ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಅಂತ ತಾಲ್ಲೂಕುವಾರು ವಿಂಗಡಣೆ, ಪ್ರತಿ ಶಾಸನಕ್ಕೂ ಒಂದು ನಂಬರ್, ಮೂಲಪಾಠ, ಇಂಗ್ಲಿಷ್ ಅನುವಾದ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯ್ತು. ಆ ತಾಲ್ಲೂಕಿನ ಹಳೇ ನಂಬರುಗಳು ಮಾತ್ರ ಇಂದಿಗೂ ನಡೀತಿವೆ. ಹುಡುಕೋರಿಗೆ ಸಿಗಬೇಕು ಅಂತ ಮಾಡಿದ ಪುಸ್ತಕ ಅದು. ನೂರು ವರ್ಷ ದಾಟಿದರೂ ಸಂಶೋಧಕರ ಮೇಜಿನ ಮೇಲಿದೆ.

4/4

ಈಗ ನಮ್ಮ ವಿಷಯಕ್ಕೆ ಬರೋಣ. ಹೊಸದುರ್ಗದ ಕಡೆ ಹಳ್ಳಿ ಆಗಲಿ, ಹಿರಿಯೂರಿನ ಕಡೆ ಆಗಲಿ, ಊರ ಮುಂದಿನ ವೀರಗಲ್ಲಿಗೆ, ಶಾಸನದ ಕಲ್ಲಿಗೆ “ಲಕ್ಷಣವಾಗಿ ಕಾಣಲಿ” ಅಂತ ಆಯಿಲ್ ಪೇಂಟ್ ಬಳಿದುಬಿಡ್ತೀವಿ. ಮಾಡೋದು ಭಕ್ತಿಯಿಂದಲೇ, ಬೈಯೋಕಾಗಲ್ಲ. ಆದ್ರೆ ಶಾಸನ ಓದೋರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೀತಾರೆ. ತಗ್ಗಿನಲ್ಲಿರೋ ಅಕ್ಷರ ಬೆಳ್ಳಗೆ ಉಳೀಬೇಕು. ಆ ತಗ್ಗಿನಲ್ಲೇ ಪೇಂಟ್ ತುಂಬಿಕೊಂಡ್ರೆ ಇನ್ನೇನು ಓದ್ತಾರೆ?

ನಾವು ಹಾಕೋ ಫೋಟೋದ್ದೂ ಇದೇ ಕಥೆ. ಫಿಲ್ಟರ್ ಹಾಕಿ, ಹಾಡು ಸೇರಿಸಿ, ಊರ ಹೆಸರೇ ಬರೆಯಲ್ಲ! ಸಾವಿರ ಲೈಕ್ ಬಂದರೂ ಆ ಕಲ್ಲು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಅದಕ್ಕೆ ಒಂದು ವಿನಂತಿ. ನಿಮ್ಮೂರ ಕಲ್ಲಿನ ಫೋಟೋ ಬೆಳಗ್ಗೆ ಇಲ್ಲ ಸಂಜೆ ತೆಗೀರಿ, ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣ್ತವೆ. ಫೋಟೋ ಮಂಕಾಗಿದ್ರೂ ಚಿಂತೆ ಇಲ್ಲ. ಊರು, ತಾಲ್ಲೂಕು, ಕಲ್ಲು ಎಲ್ಲಿ ನಿಂತಿದೆ, ಇಷ್ಟು ಬರೀರಿ. ಮುಂದೆ ಯಾರೋ ಒಬ್ಬರು ಅದನ್ನೇ ಹುಡುಕಿಕೊಂಡು ಬರ್ತಾರೆ.

ನಿಮ್ಮೂರಲ್ಲಿ ಅಂಥ ಕಲ್ಲು ಇದೆಯಾ? ಕೆಳಗೆ ತಿಳಿಸಿ 👇

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ಶಾಸನ