ಹೆಸರು ಕದ್ದ ಜಾದೂಗಾರ

'ನೌ ಯೂ ಸೀ ಮೀ 2' ನೋಡಿದವರಿಗೆ ಆ ಇಸ್ಪೀಟು ಎಲೆಯ ಸೀನು ನೆನಪಿರಲೇಬೇಕು. ಕಾವಲಿನವರು ಒಬ್ಬೊಬ್ಬರನ್ನೇ ನಿಲ್ಲಿಸಿ ಮೈಯೆಲ್ಲಾ ತಡಕುತ್ತಿದ್ದಾರೆ. ಕದ್ದ ಚಿಪ್ ಒಂದು ಎಲೆಗೆ ಅಂಟಿಕೊಂಡಿದೆ. ಆ ಎಲೆ ಅಂಗೈಯಿಂದ ಕೈ ಹಿಂದಕ್ಕೆ, ಅಲ್ಲಿಂದ ತೋಳಿನೊಳಕ್ಕೆ, ಒಬ್ಬರಿಂದ ಇನ್ನೊಬ್ಬರಿಗೆ ಹಾರ್ತಾ ಹೋಗುತ್ತೆ. 2016ರಲ್ಲಿ ಬಂದ ಸಿನಿಮಾ. ಮೊದಲನೇ ಭಾಗದಷ್ಟು ಚೆನ್ನಾಗಿಲ್ಲ ಅಂತ ನನ್ನ ಫ್ರೆಂಡ್ಸೆಲ್ಲಾ ಬೈದರು. ನಂಗೆ ಮಾತ್ರ ಈಗಲೂ ಇಷ್ಟ. ಹ್ಯಾರಿ ಪಾಟರ್ ಆಗಿದ್ದ ಡೇನಿಯಲ್ ರಾಡ್‌ಕ್ಲಿಫ್‌ನನ್ನು ಕರೆತಂದು ಜಾದೂಗಾರರನ್ನೇ ಆಟ ಆಡಿಸುವ ವಿಲನ್ ಮಾಡಿದ್ದಾರಲ್ಲ, ಆ ಕುಚೇಷ್ಟೆಗೇ ಅರ್ಧ ಟಿಕೆಟ್ ದುಡ್ಡು ವಸೂಲು.

ಕತೆ ಚೀನಾದ ಮಕಾವ್‌ನಲ್ಲಿ ಒಂದು ಹಳೇ ಜಾದೂ ಅಂಗಡಿಯನ್ನು ಹಾದು, ಕೊನೆಗೆ ಲಂಡನ್‌ನಲ್ಲಿ ಥೇಮ್ಸ್ ನದಿಯ ಮೇಲೆ ಮುಗಿಯುತ್ತೆ. ಚೀನೀ ಜಾದೂ, ಲಂಡನ್, ಕಳ್ಳತನ. ಈ ಮೂರನ್ನೂ ಒಟ್ಟಿಗೆ ನೋಡಿದಾಗಲೆಲ್ಲ ನನಗೆ ನೂರು ವರ್ಷಕ್ಕೂ ಹಿಂದಿನ ಒಂದು ನಿಜವಾದ ಕಳ್ಳತನ ನೆನಪಾಗುತ್ತೆ. ಅಲ್ಲಿ ಕದ್ದಿದ್ದು ಚಿಪ್ ಅಲ್ಲ. ಒಬ್ಬ ಜಾದೂಗಾರನ ಆಟ, ವೇಷ, ಹೆಚ್ಚುಕಮ್ಮಿ ಹೆಸರು ಕೂಡ.

1898ರಲ್ಲಿ ಅಮೆರಿಕದ ಒಮಾಹಾ ಊರಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಗೆ ಚೀನಾದಿಂದ ಝೂ ಲಿಯಾನ್‌ಕುಯಿ ಎಂಬ ಜಾದೂಗಾರ ತಂಡ ಕಟ್ಟಿಕೊಂಡು ಬಂದ. ರಂಗದ ಮೇಲಿನ ಹೆಸರು ಚಿಂಗ್ ಲಿಂಗ್ ಫೂ. ಬಾಯಿಂದ ಹೊಗೆ, ಬೆಂಕಿ, ಮಾರುಗಟ್ಟಲೆ ರಿಬ್ಬನ್ನು ಹೊರಗೆ ತೆಗೆಯುತ್ತಿದ್ದ. ಅದೆಲ್ಲಾ ಸರಿ, ಜನ ಮುಗಿಬೀಳುತ್ತಿದ್ದುದು ಇನ್ನೊಂದಕ್ಕೆ. ಖಾಲಿ ಬಟ್ಟೆಯೊಂದನ್ನು ಝಾಡಿಸಿ ತೋರಿಸಿ ನೆಲದ ಮೇಲೆ ಹಾಸುತ್ತಿದ್ದ. ಎತ್ತಿದರೆ ಅದರಡಿಯಲ್ಲಿ ತುಂಬಿ ತುಳುಕುವ ದೊಡ್ಡ ನೀರಿನ ಬೋಗುಣಿ! ಕೆಲವೊಮ್ಮೆ ಅದರೊಳಗಿಂದ ಒಂದು ಮಗುವನ್ನೂ ಎತ್ತುತ್ತಿದ್ದನಂತೆ. ಇದನ್ನು ಮಾಡಿ ತೋರಿಸಿದವರಿಗೆ ಸಾವಿರ ಡಾಲರ್ ಅಂತ ಸವಾಲು ಬೇರೆ ಹಾಕಿದ.

ಸವಾಲಿಗೆ ಸಿದ್ಧನಾಗಿ ಬಂದವನು ವಿಲಿಯಂ ರಾಬಿನ್ಸನ್, ನ್ಯೂಯಾರ್ಕ್ ಸೀಮೆಯವನು. ಫೂ ಅವನನ್ನು ಹತ್ತಿರವೇ ಸೇರಿಸಲಿಲ್ಲ. ಈ ರಾಬಿನ್ಸನ್ ಸಾಮಾನ್ಯ ಆಸಾಮಿಯಲ್ಲ. ಹ್ಯಾರಿ ಕೆಲ್ಲರ್, ಅಲೆಕ್ಸಾಂಡರ್ ಹರ್ಮನ್ ಅಂತ ಆ ಕಾಲದ ಇಬ್ಬರು ದೊಡ್ಡ ಜಾದೂಗಾರರ ಬಳಿ ವರ್ಷಗಟ್ಟಲೆ ಪರದೆ ಹಿಂದೆ ದುಡಿದವನು. ಆಟಗಳ ಯಂತ್ರ, ಪೆಟ್ಟಿಗೆ, ಗುಟ್ಟು ಎಲ್ಲಾ ಅವನ ಕೈಲಿ; ಚಪ್ಪಾಳೆ ಇನ್ನೊಬ್ಬರಿಗೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅಪ್ಪಟ ಬ್ಯಾಕೆಂಡ್ ಇಂಜಿನಿಯರ್. ಸ್ವಂತ ಶೋ ಮಾಡಲು ಹೋದರೆ ಒಂದೇ ತೊಂದರೆ: ರಂಗದ ಮೇಲೆ ಮಾತು ಬರುತ್ತಿರಲಿಲ್ಲ. ಜನರನ್ನು ಹಿಡಿದಿಡುವ ವಾಕ್ಚಾತುರ್ಯ ಅವನಿಗೆ ಒಲಿದಿರಲಿಲ್ಲ.

1900ರಲ್ಲಿ ಪ್ಯಾರಿಸ್ಸಿನಿಂದ ಕರೆ ಬಂತು. ಒಬ್ಬ ಚೀನೀ ಜಾದೂಗಾರ ಬೇಕಾಗಿತ್ತು. ರಾಬಿನ್ಸನ್ ತಲೆ ಬೋಳಿಸಿ, ಜಡೆ ಕಟ್ಟಿ, ಮುಖಕ್ಕೆ ಬಣ್ಣ ಬಳಿದು ನಿಂತ. ಅಲ್ಲಿಂದ ಲಂಡನ್ನಿಗೆ ಬರುವಾಗ ಇಟ್ಟುಕೊಂಡ ಹೆಸರು ಚುಂಗ್ ಲಿಂಗ್ ಸೂ. ಚಿಂಗ್ ಲಿಂಗ್ ಫೂ, ಚುಂಗ್ ಲಿಂಗ್ ಸೂ. ಅಂಗಡಿಯಲ್ಲಿ ಬ್ರಾಂಡೆಡ್ ಸೋಪಿನ ಪಕ್ಕ ಒಂದಕ್ಷರ ಬದಲಿಸಿದ ಸೋಪು ಇಟ್ಟಿರ್ತಾರಲ್ಲ, ಹಾಗೆ. ಹೆಂಡತಿ ಡಾಟ್ ಕೂಡ ಚೀನೀ ಹುಡುಗಿ ಸೂಯೀ ಸೀನ್ ಆದಳು. ಅವನ ಮಾತಿನ ತೊಂದರೆಗೂ ಪರಿಹಾರ ಸಿಕ್ಕಿತು. ಇಂಗ್ಲಿಷೇ ಬಾರದ ಚೀನೀಯವನು ಮಾತಾಡುವುದಾದರೂ ಯಾಕೆ? ಪತ್ರಕರ್ತರು ಬಂದರೆ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿಕೊಳ್ಳುತ್ತಿದ್ದ!

ಇಲ್ಲಿ ಸ್ವಲ್ಪ ನನ್ನ ಕತೆ. ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದವನು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕ್ಲೈಂಟ್ ಕಾಲ್‌ಗಳಲ್ಲಿ ಮ್ಯೂಟ್ ಹಾಕ್ಕೊಂಡು ಕೂತಿರುತ್ತಿದ್ದೆ. ಆಮೇಲೆ ಒಂದು ಆಕ್ಸೆಂಟ್ ಕಲಿತೆ. ನಾಲಿಗೆ ಹೊರಳಿಸಿ 'ಶೂರ್, ಶೂರ್' ಅನ್ನೋದು. ಅಮ್ಮ ಒಮ್ಮೆ ಬಾಗಿಲ ಹೊರಗಿಂದ ಕೇಳಿಸಿಕೊಂಡು, "ಒಳಗೆ ಯಾರೋ ಬಂದಿದಾರೇನೋ?" ಅಂದಿದ್ದರು. ಹಾಗಾಗಿ ರಾಬಿನ್ಸನ್‌ನನ್ನು ಬರೀ ಕಳ್ಳ ಅಂತ ಬೈಯೋಕೆ ಬಾಯಿ ಬರಲ್ಲ. ಆದರೆ ನಾನು ಯಾರ ಹೆಸರನ್ನೂ ಹಾಕಿಕೊಂಡಿರಲಿಲ್ಲ, ಯಾರ ಅನ್ನವನ್ನೂ ಕಿತ್ತಿರಲಿಲ್ಲ. ಅವನು ಎರಡನ್ನೂ ಮಾಡಿದ.

1905ರ ಜನವರಿಯಲ್ಲಿ ಅಸಲಿ ಫೂ ಲಂಡನ್ನಿಗೇ ಬಂದಿಳಿದ. ಅವನು ಎಂಪೈರ್ ಥಿಯೇಟರಿನಲ್ಲಿ, ನಕಲಿಯವನು ಹಿಪ್ಪೊಡ್ರೋಮ್‌ನಲ್ಲಿ. ಪತ್ರಿಕೆಗಳಿಗೆ ಹಬ್ಬ. ನನ್ನ ಇಪ್ಪತ್ತು ಆಟಗಳಲ್ಲಿ ಹತ್ತನ್ನಾದರೂ ಸೂ ಮಾಡಿ ತೋರಿಸಲಿ ಅಂತ ಫೂ ಸವಾಲೆಸೆದ. ಒಂದು ಪತ್ರಿಕಾ ಕಚೇರಿಯಲ್ಲಿ ಪಂದ್ಯ ಅಂತ ನಿಗದಿಯಾಯಿತು. ಆಮೇಲೆ ಫೂ ಒಂದು ಷರತ್ತು ಹಾಕಿದ: ಮೊದಲು ಅವನು ತಾನು ಚೀನೀಯ ಅಂತ ಸಾಬೀತು ಮಾಡಲಿ. ಎಷ್ಟು ನ್ಯಾಯವಾದ ಮಾತು! ಪಂದ್ಯದ ದಿನ ಫೂ ಬರಲೇ ಇಲ್ಲ. ರಾಬಿನ್ಸನ್ ಠಾಕುಠೀಕಾಗಿ ಬಂದು ಆಟ ತೋರಿಸಿ ಹೋದ. ಗೆದ್ದವನು ಅವನೇ ಅಂತಾಯಿತು. ಅಸಲಿಯವನು ಲಂಡನ್ ಬಿಟ್ಟು ಹೊರಟ, ನಕಲಿಯವನು ಹದಿಮೂರು ವರ್ಷ ಮೆರೆದ. ಲಂಡನ್ನಿನ ಜನರ ತಲೆಯಲ್ಲಿ ಒಬ್ಬ 'ಚೀನೀಯ' ಮೊದಲೇ ಇದ್ದ. ನಿಜವಾದ ಚೀನೀಯನಿಗಿಂತ ಬಣ್ಣ ಹಚ್ಚಿದ ರಾಬಿನ್ಸನ್ನೇ ಆ ಚಿತ್ರಕ್ಕೆ ಸರಿಯಾಗಿ ಹೊಂದಿದ ಅಂತ ನನ್ನ ಲೆಕ್ಕ.

ಅವನ ದೊಡ್ಡ ಆಟ ಗುಂಡು ಹಿಡಿಯುವುದು. 1900ರಲ್ಲಿ ವಿದೇಶೀಯರ ವಿರುದ್ಧ ಸಿಡಿದೆದ್ದ ಚೀನಾದ ಬಾಕ್ಸರ್ ಬಂಡಾಯಗಾರರು ತನಗೆ ಮರಣದಂಡನೆ ಕೊಟ್ಟರು ಅನ್ನೋ ಕತೆ ಕಟ್ಟಿದ್ದ. ಪ್ರೇಕ್ಷಕರು ಗುರುತು ಮಾಡಿದ ಗುಂಡುಗಳನ್ನು ಎರಡು ಬಂದೂಕಿಗೆ ತುಂಬುವುದು, ಸಹಾಯಕರು ಅವನತ್ತ ಹಾರಿಸುವುದು, ಅವನು ಗುಂಡುಗಳನ್ನು ತಟ್ಟೆಯಲ್ಲಿ ಹಿಡಿಯುವುದು. 1918ರ ಮಾರ್ಚ್ 23ರ ರಾತ್ರಿ, ಲಂಡನ್ನಿನ ವುಡ್ ಗ್ರೀನ್ ಎಂಪೈರ್‌ನಲ್ಲಿ ಒಂದು ಗುಂಡು ನಿಜವಾಗಿಯೂ ಎದೆ ಹೊಕ್ಕಿತು. ಅಷ್ಟು ವರ್ಷ ಮೌನವಾಗಿದ್ದ ಚೀನೀ ಮಾಂತ್ರಿಕ ಅಚ್ಚ ಇಂಗ್ಲಿಷಿನಲ್ಲಿ ದೇವರನ್ನು ಕೂಗಿದ. ಏನೋ ಆಗಿಹೋಯಿತು, ಪರದೆ ಇಳಿಸಿ ಅಂದ.

ನಂಗೆ ಮೈ ಜುಮ್ ಅಂದಿದ್ದು ಇಲ್ಲೇ. ಒಮ್ಮೆ ರಾತ್ರಿ ಮೂರು ಗಂಟೆಗೆ ಪ್ರೊಡಕ್ಷನ್ ಡೇಟಾಬೇಸ್ ಬಿದ್ದಾಗ, ಕ್ಲೈಂಟು ಲೈನಲ್ಲಿರುವಾಗಲೇ, ನನ್ನ ಬಾಯಿಂದ ಬಂದಿದ್ದು 'ಅಯ್ಯಯ್ಯೋ ಹೋಯ್ತು ಕಣಪ್ಪಾ' ಅಂತ.

ಮರುದಿನ ರಾಬಿನ್ಸನ್ ಸತ್ತ. ವಿಚಾರಣೆಯಲ್ಲಿ ಬಂದೂಕಿನ ಗುಟ್ಟು ಹೊರಬಿತ್ತು. ಮುಖ್ಯ ನಳಿಗೆಯ ಕೆಳಗೆ, ಮದ್ದು ಜಡಿಯುವ ಕಡ್ಡಿ ಇಡುವ ಇನ್ನೊಂದು ಕೊಳವೆ ಇತ್ತು. ಬೆಂಕಿ ಆ ಕೊಳವೆಗೆ ಮಾತ್ರ ಹೋಗುವ ಹಾಗೆ ಮಾಡಿದ್ದ. ಸದ್ದು, ಹೊಗೆ ಅಲ್ಲಿಂದ ಬರುತ್ತಿತ್ತು. ಗುಂಡು ಮೇಲಿನ ನಳಿಗೆಯಲ್ಲೇ ಉಳಿಯುತ್ತಿತ್ತು. ಶೋ ಮುಗಿದ ಮೇಲೆ ಗುಂಡು ಹಾರಿಸಿ ನಳಿಗೆ ಖಾಲಿ ಮಾಡುವ ಬದಲು, ನಳಿಗೆಯ ಹಿಂಬದಿಯ ಸ್ಕ್ರೂ ಬಿಚ್ಚಿ ಮದ್ದು, ಗುಂಡು ತೆಗೆದಿಡುತ್ತಿದ್ದ. ಹಾಗೆ ಬಿಚ್ಚಿ ಬಿಚ್ಚಿ ಮರೆ ಸವೆದು, ಸಂದಿ ಬಿಟ್ಟು, ಕೊನೆಗೊಂದು ದಿನ ಬೆಂಕಿ ಮೇಲಿನ ನಳಿಗೆಗೂ ನುಸುಳಿತು. ಪ್ರತಿ ರಾತ್ರಿ ಸರಿಯಾಗೇ ನಡೆದ ಕೋಡು, ಯಾರು ಮುಟ್ಟುತ್ತಾರೆ ಹೇಳಿ? ಆಕಸ್ಮಿಕ ಸಾವು ಅಂತ ತೀರ್ಪು ಬಂತು.

ಫೂ 1922ರವರೆಗೆ ಬದುಕಿದ್ದ. ನೋಲನ್‌ನ 'ದಿ ಪ್ರೆಸ್ಟೀಜ್' ಇನ್ನೊಮ್ಮೆ ಸಿಕ್ಕರೆ, ಆ ಮುದುಕ ಚೀನೀ ಜಾದೂಗಾರನ ಸೀನು ಗಮನಿಸಿ. ಬಟ್ಟೆಯಡಿಯಿಂದ ಮೀನಿನ ಬೋಗುಣಿ ತೆಗೆಯುತ್ತಾನಲ್ಲ, ಅವನು. ನಟ ಚೀನೀಯನೇ, ಆಟ ಫೂನದೇ. ಪಾತ್ರದ ಹೆಸರು ಮಾತ್ರ ಚುಂಗ್ ಲಿಂಗ್ ಸೂ.