ಮಡಚುವ ಮಾತು

ನಾನು ಏಳನೆತ್ತೆ ಕಲಿತವ. ಹಗಲು ಹೊಲ, ರಾತ್ರಿ ಭಜನಿ ಪದ. ಇಂಥವನಿಗೆ ರೋಮಿನ ಮಾತಿನ ಉಸಾಬರಿ ಯಾಕ ಅಂತ ನೀವು ಕೇಳಬಹುದು. ನಮ್ಮ ವಾಚನಾಲಯದಾಗ ಗುರುಗಳೊಬ್ಬರು ಒಂದು ಶಬ್ದದ ಕತಿ ಹೇಳಿದರು. ಆವತ್ತಿನಿಂದ ಅದು ತಲಿಯೊಳಗ ಕುಂತದ.

ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಆಡುತ್ತಿದ್ದದ್ದು ಲ್ಯಾಟಿನ್. ಅದರಲ್ಲಿ 'ಪ್ಲಿಕಾರೆ' ಅಂದರೆ ಮಡಚು, ಅರಿವಿ ಮಡಚಿದಂಗ. ಮುಂದೆ ಲ್ಯಾಟಿನ್ ಒಡೆದು ಬ್ಯಾರೆ ಬ್ಯಾರೆ ಭಾಷೆಗಳಾದವು. ಇಟಲಿಯವರ 'ಪ್ಯೆಗಾರೆ', ಫ್ರೆಂಚರ 'ಪ್ಲಿಯೆ' ಇಂದಿಗೂ ಮಡಚು, ಬಗ್ಗಿಸು ಅಂತಲೇ. ಸ್ಪೇನಿನಲ್ಲಿ ಅದೇ ಶಬ್ದ 'ಯೆಗಾರ್' ಆಗಿ 'ಬಂದು ಮುಟ್ಟು' ಅಂತಾಯಿತು. ಗೋವಾವನ್ನು 1510ರಿಂದ 1961ರ ತನಕ ಆಳಿದ ಪೋರ್ತುಗೀಸರ 'ಶೆಗಾರ್'ಗೂ ಅದೇ ಅರ್ಥ. ಆದರ ರುಮೇನಿಯಾದಾಗ 'ಪ್ಲೆಕಾ' ಅಂದರ ಬಿಟ್ಟು ಹೊರಡು! ಒಂದೇ ತಾಯಿ ಮಕ್ಕಳು, ಒಬ್ಬ ಬಂದೆ ಅಂತಾನ, ಒಬ್ಬ ಹೊಂಟೆ ಅಂತಾನ.

'ಪ್ಲಿ' ಹೋಗಿ 'ಯೆ' ಹೆಂಗಾತ್ರೀ ಅಂತ ಕೇಳಿದೆ. ಮಳೆ ನೋಡು ಅಂದರು. ಲ್ಯಾಟಿನ್ನಿನ ಮಳೆ 'ಪ್ಲುವಿಯಾ' ಸ್ಪೇನಿನಲ್ಲಿ 'ಯುವಿಯಾ', ಪೋರ್ತುಗಲ್ಲಿನಲ್ಲಿ 'ಶುವಾ'. ನಮ್ಮ ಪಾಲು ಹಾಲಾದಂಗ, ಪುಲಿ ಹುಲಿಯಾದಂಗ.

ಅರ್ಥ ಯಾಕ ತಿರುಗಿತು? ಹಡಗಿನವರು ದಂಡೆ ಮುಟ್ಟಿದ ಮ್ಯಾಲೆ ಹಾಯಿ ಮಡಚತಾರ. ಹಂಗಾಗಿ ಅವರಿಗೆ ಮಡಚುವುದು ಬರುವುದಾಯಿತು. ಹಡಗು ದಂಡೆಗೆ ಹಚ್ಚುವುದಕ್ಕೆ 'ಅಪ್ಲಿಕಾರೆ' ಎಂಬ ಶಬ್ದವಿತ್ತು, ಅದೇ ಸವೆದು ಉಳಿದದ್ದು ಅನ್ನುವವರೂ ಇದ್ದಾರೆ. ನಾವು ಕಚೇರಿಗೆ ಕೊಡುವ ಅಪ್ಲಿಕೇಶನ್ ಅದರದೇ ಕುಡಿ. ನಮ್ಮ ಸಂತಿಯಾಗಿನ ಡುಪ್ಲಿಕೇಟೂ ಇದೇ ಬಳ್ಳಿಯದು, ಎರಡು ಮಡಿಕೆ ಅಂತ. ಇನ್ನು ರುಮೇನಿಯಾ. ಕ್ರಿ.ಶ. 106ರಲ್ಲಿ ಟ್ರಾಜನ್ ದೊರೆ ಡೇಸಿಯಾ ಎಂಬ ಆ ನಾಡು ಗೆದ್ದು ದಂಡು ಇಟ್ಟ. ದಂಡಿನವರು ಹೊರಡಬೇಕಾದರ ಡೇರೆ ಮಡಚಬೇಕು. ಅದಕ್ಕೇ ಅಲ್ಲಿ ಮಡಚುವುದೇ ಹೊರಡುವುದು.

ಡೇರೆಯ ಮಾತು ಪಂಡಿತರ ಊಹೆ ಅಂದರು ಗುರುಗಳು. ನನಗ ಊಹೆ ಅನ್ನಿಸಲಿಲ್ಲ. ಹರೇದಾಗ ಬರಗಾಲ ಬಿದ್ದರ ಜತ್ತ ಕಡೆಯ ನಾವು ಕಬ್ಬು ಕಡಿಯಾಕ ಹೋಗತಿದ್ದಿವಿ. ಊರು ಬಿಡುವ ದಿನ ತಾಡಪತ್ರಿ ಮಡಚಿ ಗಾಡಿಗೆ ಹೇರಿದರ ನಮ್ಮವ್ವ ಸೆರಗು ಬಾಯಿಗಿಟ್ಟುಕೊಳ್ಳೋಳು. ಕಬ್ಬು ಮುಗಿದು ಅಲ್ಲಿ ಅದೇ ತಾಡಪತ್ರಿ ಮಡಚಿದರ ಮಕ್ಕಳು ಕುಣಿಯೋವು, ಊರಿಗೆ ಹೊಂಟಿವಿ ಅಂತ.

ನಮ್ಮಲ್ಲೂ ಮನಿ ಬಿಡುವಾಗ ಯಾರೂ 'ಹೋಗ್ತೀನಿ' ಅನ್ನಂಗಿಲ್ಲ, 'ಬರ್ತೀನಿ' ಅಂತಾರ. ನನ್ನ ಮಗನೂ ಹಂಗ ಅಂದೇ ಪುಣೆಗೆ ಹೋದ. ಹನ್ನೊಂದು ವರ್ಷ ಆತು. ಹಬ್ಬಕ್ಕ ಬರತಾನ, ಎರಡು ದಿನ ಇರತಾನ. ಮೂರನೇ ದಿನ ಸೊಸಿ ಅರಿವಿ ಮಡಚಿ ಚೀಲಕ್ಕ ತುಂಬತಾಳ. ಆ ಹೊತ್ತಿಗೆ ನಾನು ಹೊಲದ ಕಡೆ ಹೋಗಿಬಿಡ್ತೀನಿ.