ಯಾಳಿ

ಭಾರತೀಯ ದೇವಾಲಯ ಶಿಲ್ಪದಲ್ಲಿ ಬರುವ ಕಲ್ಪಿತ ಜೀವಿ. ವ್ಯಾಲ, ಶಾರ್ದೂಲ ಎಂಬ ಹೆಸರುಗಳೂ ಇವೆ. ಸಿಂಹದ ಒಡಲು ಸಾಮಾನ್ಯ; ತಲೆ ಆನೆಯದಾದರೆ ಗಜವ್ಯಾಲ, ಕುದುರೆಯದಾದರೆ ಅಶ್ವವ್ಯಾಲ.

ಮಲೆನಾಡಿನಲ್ಲಿ ಇದರ ಅತ್ಯುತ್ತಮ ಮಾದರಿಗಳಿರುವುದು ತುಂಗಾ ತೀರದ ಶೃಂಗೇರಿಯಲ್ಲಿ, 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ. ಮಂಟಪದ 12 ಕಂಬಗಳಿಗೆ 12 ರಾಶಿಗಳ ಗುರುತಿದೆ. ಸೌರಮಾಸಕ್ಕೆ ತಕ್ಕಂತೆ ಬೆಳಗಿನ ಬಿಸಿಲು ಆಯಾ ಕಂಬದ ಮೇಲೆ ಬೀಳುತ್ತದೆಂಬುದು ಪ್ರತೀತಿ. ಕಂಬದ ಯಾಳಿಗಳ ಸಿಂಹಮುಖಗಳು ಬಾಯ್ತೆರೆದು ನಿಂತಿವೆ. ಹಲ್ಲುಗಳ ಹಿಂದೆ ಒಂದು ಕಲ್ಲಿನ ಗುಂಡು: ಒಳಗೇ ಉರುಳುತ್ತದೆ, ಹೊರಗೆ ಬಾರದು. ಅದನ್ನು ಹೊರಗಿನಿಂದ ತಂದಿಟ್ಟದ್ದಲ್ಲ, ಅದೇ ಕಲ್ಲಿನಲ್ಲಿ ಬಿಡಿಸಿದ್ದು.

1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಬಂದ ಮೇಲೆ ಬೆಳೆದ ಪಾತ್ರಧಾರಣೆಯ ಆಟಗಳಿಗೆ ಅನ್ಯಲೋಕದ ಜೀವಿಗಳನ್ನು ಕಟ್ಟುವವರಿಗೆ ಯಾಳಿ ಒಳ್ಳೆಯ ಪಾಠ. ಮನುಷ್ಯನ ಮೈಗೆ ಬೇರೆ ಮುಖ ಅಂಟಿಸಿದರೆ ಹೊಸ ಕುಲ ಹುಟ್ಟುವುದಿಲ್ಲ. ಯಾಳಿಯ ಅಂಗಗಳೆಲ್ಲ ಕಂಡ ಪ್ರಾಣಿಗಳವೇ, ಆದರೂ ಒಟ್ಟು ರೂಪ ಎಲ್ಲೂ ಕಾಣದ್ದು. ಕಂಬದ ಭಾಗವಾಗಿ ನಿಂತ ಅದರ ನಿಲುವಿಗೂ ಅರ್ಥವಿದೆ. ಹಾಗೆಯೇ ಹೊಸ ಜೀವಿ ಏನು ಮಾಡುತ್ತದೆಂದು ಮೊದಲು ಗೊತ್ತುಮಾಡಿ, ಮೈಯನ್ನು ಅದಕ್ಕೆ ಒಪ್ಪುವಂತೆ ಕಟ್ಟಬೇಕು.

ಕೊಪ್ಪ, ನರಸಿಂಹರಾಜಪುರದ ಕಡೆಯಿಂದ ಶೃಂಗೇರಿಗೆ ಹೋಗುವವರು ಆ ಕಂಬಗಳ ಬಳಿ ಒಂದಿಷ್ಟು ಹೊತ್ತು ನಿಂತು, ಬಾಯೊಳಗಿನ ಗುಂಡನ್ನು ನೋಡಿಯೇ ಬರಬೇಕು.